ಎಂಟುನೂರು ಮೀಟರ್ ನಡೆದರೆ ಸಿಟ್ಟು ಬರುವುದೇಕೆ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ. ಸಂಪಿಗೆ ರಸ್ತೆಯ ಜನಜಂಗುಳಿಯಲ್ಲಿ ಒಂದೂವರೆ ಕಿ.ಮೀ. ನಡೆದು ತರಕಾರಿ ತಂದರೂ ಸುಸ್ತು ಅನ್ನಿಸುತ್ತಿರಲಿಲ್ಲ. ಮೂರು ವರ್ಷದಿಂದ ಹೊರವರ್ತುಲ ರಸ್ತೆ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಬಸ್‌ಸ್ಟಾಪಿನಿಂದ ಮನೆಗೆ ಬರೀ 800 ಮೀಟರ್. ಅಷ್ಟು ನಡೆದು ಬರುವಷ್ಟರಲ್ಲಿ ತಲೆ ಕಾದಿರುತ್ತದೆ. ಬಾಗಿಲು ತೆಗೆದ ಕೂಡಲೇ ಮಗನ ಮೇಲೆ ರೇಗುತ್ತೇನೆ. ನಮ್ಮನೆಯವರು ‘ಎಲ್ಲ ನಿನ್ನ ಮನಸ್ಸಲ್ಲಿದೆ, ಪ್ರಾಣಾಯಾಮ ಮಾಡು’ ಅಂತಾರೆ. ರಸ್ತೆ ಹೇಗಿದೆ ಅನ್ನೋದಕ್ಕೂ ಮನಸ್ಸಿಗೂ ನಿಜವಾಗಿ ಸಂಬಂಧ ಇದೆಯಾ? ಇನ್ನೊಂದು ವಿಷಯ, ಸ್ವಂತ ಫ್ಲಾಟ್ ಹುಡುಕುತ್ತಿದ್ದೇವೆ. ರಸ್ತೆ ನೋಡಿ ಮನೆ ಆರಿಸೋದು ಹೇಗೆ?

ಉತ್ತರ: ಇದೆ. ಪ್ರಾಣಾಯಾಮ ಒಳ್ಳೆಯದೇ, ಮಾಡಿ. ಆದರೆ ಅದರಿಂದ ಫುಟ್‌ಪಾತಿನ ಗುಂಡಿ ಮುಚ್ಚುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಸಂಪಿಗೆ ರಸ್ತೆಯ ಮಾತು. ಅಲ್ಲಿ ಜನ ಜಾಸ್ತಿ, ಗಲಾಟೆ ಜಾಸ್ತಿ, ನಡೆಯುವ ದೂರವೂ ಜಾಸ್ತಿ. ಆದರೂ ಮನಸ್ಸು ಹಗುರ. ಇಲ್ಲಿ ದೂರ ಅರ್ಧ, ಜನ ಕಡಿಮೆ, ರಸ್ತೆ ಅಗಲ. ಆದರೂ ಸಿಟ್ಟು. ಅಂದಮೇಲೆ ‘ಜನಸಂದಣಿಯಿಂದಲೇ ಸಿಟಿಯಲ್ಲಿ ಟೆನ್ಶನ್’ ಅನ್ನುವ ಮಾತು ನಿಮ್ಮ ವಿಷಯದಲ್ಲಿ ನಿಲ್ಲುವುದಿಲ್ಲ, ಅಲ್ವಾ? ಬಹಳ ಜನರ ವಿಷಯದಲ್ಲೂ ನಿಲ್ಲುವುದಿಲ್ಲ. ರಸ್ತೆ ವಿನ್ಯಾಸದ ಕೆಲಸ ಮಾಡುತ್ತಾ ನಡೆಯುವವರ ಜೊತೆ ನಡೆದು ನೋಡಿದವನಾಗಿ ಹೇಳುತ್ತೇನೆ: ಕಾಲು ಸೋಲುವ ಮೊದಲೇ ತಲೆ ಸೋಲುವುದು ಮುಂದಿನ ಹೆಜ್ಜೆ ಎಲ್ಲಿಡಬೇಕು ಅಂತ ಗೊತ್ತಾಗದ ರಸ್ತೆಯಲ್ಲಿ.

ಈಚೆಗೆ ನಿಮ್ಮ ರಸ್ತೆಯಂಥದ್ದೇ ಒಂದರಲ್ಲಿ ಸಂಜೆ ಹೊತ್ತು ನಡೆದೆ. ಎಷ್ಟು ಸಲ ತಲೆ ತಗ್ಗಿಸಿ ನೆಲ ನೋಡಬೇಕಾಗುತ್ತದೆ ಅಂತ ಎಣಿಸುವ ಹುಚ್ಚು. ಬಸ್ ಇಳಿದ ತಕ್ಷಣ ಮೊಣಕಾಲೆತ್ತರದ ಫುಟ್‌ಪಾತು. ಹತ್ತಿದೆ. ಹತ್ತು ಹೆಜ್ಜೆಗೆ ಒಂದು ಅಪಾರ್ಟ್‌ಮೆಂಟ್ ಗೇಟು, ಕಾರು ಹೋಗಲಿ ಅಂತ ಫುಟ್‌ಪಾತನ್ನೇ ಕಡಿದು ಇಳಿಜಾರು ಮಾಡಿದ್ದಾರೆ. ಇಳಿದೆ, ಮತ್ತೆ ಹತ್ತಿದೆ. ಮುಂದೆ ಟ್ರಾನ್ಸ್‌ಫಾರ್ಮರ್, ಅದರ ಸುತ್ತ ಬೇಲಿ. ರಸ್ತೆಗಿಳಿದು ಸುತ್ತು ಹಾಕಬೇಕು, ಆದರೆ ಬೆನ್ನ ಹಿಂದೆ ಬರುವ ಗಾಡಿ ಕಾಣುವುದಿಲ್ಲ. ಮತ್ತೆ ಮೇಲೆ ಬಂದರೆ ಒಂದು ಚಪ್ಪಡಿ ಕಲ್ಲು ಕಾಲಿಟ್ಟ ಕೂಡಲೇ ಟಕ್ ಅಂತ ಅಲುಗಿತು, ಕೆಳಗೆ ಮೋರಿ. ಆಮೇಲೆ ಎಲ್ಲ ಚಪ್ಪಡಿಯ ಮೇಲೂ ಅನುಮಾನ. ಅಲ್ಲೊಂದು ಕೇಬಲ್ ಸುರುಳಿ, ಇಲ್ಲೊಂದು ಜಲ್ಲಿ ರಾಶಿ. ಎದುರಿನಿಂದ ಫುಟ್‌ಪಾತಿನ ಮೇಲೇ ಒಂದು ಸ್ಕೂಟರ್, ಅವನು ನನಗೇ ಹಾರ್ನ್ ಹೊಡೆದ. ಅರ್ಧ ದಾರಿಗೇ ಎಣಿಕೆ ತಪ್ಪಿತು. ಆ ಹೊತ್ತಿಗೆ ನನ್ನ ಭುಜ ಎರಡೂ ಕಿವಿ ಹತ್ತಿರ ಏರಿದ್ದವು. ಗಮನಿಸಿ ಇಳಿಸಿಕೊಂಡೆ, ಇನ್ನೊಂದು ಹಾರ್ನಿಗೆ ಮತ್ತೆ ಏರಿದವು.

ನೀವು ಆಫೀಸಲ್ಲಿ ಇಡೀ ದಿನ ತಲೆ ಖರ್ಚು ಮಾಡಿ ಬಂದಿರುತ್ತೀರಿ. ಆ ಮೇಲೆ ರಸ್ತೆ ನಿಮ್ಮನ್ನು ಹೆಜ್ಜೆಗೊಂದು ಪ್ರಶ್ನೆ ಕೇಳುತ್ತದೆ. ಹತ್ತಲಾ, ಇಳಿಯಲಾ, ನಿಲ್ಲಲಾ, ಓಡಲಾ? ಒಂದೊಂದೂ ಚಿಕ್ಕದು, ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಬಾಗಿಲು ತೆಗೆದಾಗ ಮಗ ಬಂದು ‘ಅಮ್ಮಾ, ಚಾರ್ಜರ್ ಎಲ್ಲಿ?’ ಅಂತ ಕೇಳುವುದು ಕೊನೆಯ ಪ್ರಶ್ನೆ. ಪಾಪ, ಬೈಗುಳ ಅವನಿಗೆ ಬೀಳುತ್ತದೆ.

ಇದಕ್ಕೆ ಹಿಂದೆ ಒಂದು ಹಳೆಯ ಪ್ರಯೋಗವಿದೆ. ಸುಮಾರು 1970ರ ಹೊತ್ತಿಗೆ ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಅನ್ನುವ ಮನಶ್ಶಾಸ್ತ್ರಜ್ಞರು ಜನರನ್ನು ಕೂರಿಸಿ ಜೋರು ಸದ್ದು ಕೇಳಿಸಿದರು. ಕೆಲವರಿಗೆ ಸದ್ದು ಗಡಿಯಾರದ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಕೆಲವರಿಗೆ ಯಾವಾಗ ಬೇಕಾದರೂ. ಸದ್ದು ನಿಲ್ಲಿಸಿದ ಮೇಲೆ ಬಿಡಿಸಲು ಒಗಟು ಕೊಟ್ಟರು, ತಪ್ಪು ಹುಡುಕಲು ಬರಹ ಕೊಟ್ಟರು. ಯಾವಾಗ ಬೇಕಾದರೂ ಸದ್ದು ಕೇಳಿಸಿಕೊಂಡವರು ಬೇಗ ಕೈಚೆಲ್ಲಿದರು, ಜಾಸ್ತಿ ತಪ್ಪು ಮಾಡಿದರು. ಮಜಾ ಇರುವುದು ಮುಂದಿನದರಲ್ಲಿ. ಇನ್ನೊಂದು ಗುಂಪಿಗೆ ಒಂದು ಒತ್ತುಗುಂಡಿ ಕೊಟ್ಟು, ‘ತಡೆಯಲಾಗದಿದ್ದರೆ ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಆದಷ್ಟು ಒತ್ತಬೇಡಿ’ ಅಂದರು. ಹೆಚ್ಚಿನವರು ಒತ್ತಲೇ ಇಲ್ಲ. ಅದೇ ಸದ್ದು ಕೇಳಿಸಿಕೊಂಡರು. ಆದರೂ ಆಮೇಲೆ ಒಗಟಿನ ಮುಂದೆ ಎಷ್ಟೋ ಹೆಚ್ಚು ಹೊತ್ತು ಕೂತರು. ಬೇಕಾದರೆ ನಿಲ್ಲಿಸಬಹುದು ಅನ್ನುವ ಧೈರ್ಯವೇ ಅವರನ್ನು ಕಾಪಾಡಿತ್ತು.

ಮನೆಯ ಫ್ಯಾನ್ ಸದ್ದು ಸ್ವಲ್ಪ ಹೊತ್ತಿಗೆ ಕಿವಿಗೆ ಬೀಳುವುದೇ ನಿಲ್ಲುತ್ತದೆ. ಹಾರ್ನ್ ಹಾಗಲ್ಲ. ಯಾವ ಕಡೆಯಿಂದ ಬರುತ್ತದೆ, ಯಾವಾಗ ಬರುತ್ತದೆ ಗೊತ್ತಿಲ್ಲ, ನಿಲ್ಲಿಸುವ ಗುಂಡಿ ನಿಮ್ಮ ಕೈಯಲ್ಲಿಲ್ಲ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಮೀರುವಂತಿಲ್ಲ. ನಿಮ್ಮ ಬಾಲ್ಕನಿಯಲ್ಲಿ ನಿಂತು ಈ ವಾಕ್ಯ ಓದಿದರೆ ನಗು ಬರಬಹುದು.

ಈಗ ಸಂಪಿಗೆ ರಸ್ತೆಗೆ ಬರೋಣ. ಅಲ್ಲೂ ಹಾರ್ನ್ ಇದೆ, ಅಲ್ಲೂ ಫುಟ್‌ಪಾತು ಏನು ಮಹಾ ಚೆನ್ನಾಗಿಲ್ಲ. ಆದರೆ ಎಂಟನೇ ಕ್ರಾಸಿನ ಹತ್ತಿರ ಗಾಡಿಗಳು ತೆವಳುತ್ತವೆ. ಜನರೇ ಅಷ್ಟಿರುವಾಗ ಯಾರೂ ಜೋರಾಗಿ ಓಡಿಸಲಾಗದು. ಆಟೋದವನ ಮುಖ ನಿಮಗೆ ಕಾಣುತ್ತದೆ, ನಿಮ್ಮ ಮುಖ ಅವನಿಗೆ ಕಾಣುತ್ತದೆ. ಕೈ ಅಡ್ಡ ಹಿಡಿದರೆ ನಿಲ್ಲುತ್ತಾನೆ. ಆ ಕೈಯೇ ನಿಮ್ಮ ಒತ್ತುಗುಂಡಿ. ಹೊರವರ್ತುಲ ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿ ಬರುವವನಿಗೆ ಕೈ ತೋರಿಸಿ ಏನು ಪ್ರಯೋಜನ? ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ನಿಮಗೆ ಸೂತ್ರ ಗೊತ್ತಿರಬೇಕಿಲ್ಲ, ದೇಹಕ್ಕೆ ಗೊತ್ತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825 ಮಂದಿ, ಇದು ಕೇಂದ್ರ ಸಾರಿಗೆ ಇಲಾಖೆಯದೇ ಲೆಕ್ಕ. ಹಾಗಾಗಿ ನಿಮ್ಮ ದಿಗಿಲನ್ನು ‘ಸುಮ್ನೆ’ ಅನ್ನುವ ಹಾಗಿಲ್ಲ.

ಇನ್ನೊಂದು ವ್ಯತ್ಯಾಸ ಕಣ್ಣಿಗೆ ಸಂಬಂಧಪಟ್ಟದ್ದು. ಎಂಟನೇ ಕ್ರಾಸಿನಲ್ಲಿ ನಾಲ್ಕು ಹೆಜ್ಜೆಗೊಂದು ಅಂಗಡಿ. ಸೇವಂತಿಗೆ ಮಾಲೆ, ಬಳೆ, ಬಾಳೆಲೆ, ಹುರಿಗಡಲೆ ವಾಸನೆ. ಏನೂ ಕೊಳ್ಳದಿದ್ದರೂ ಕಣ್ಣಿಗೆ ಕೆಲಸ, ಮೂಗಿಗೆ ಕೆಲಸ. ಈಗಿನ ರಸ್ತೆಯಲ್ಲಿ ಏನಿದೆ? ಬಹುಶಃ ಉದ್ದಕ್ಕೆ ಒಂದು ಕಾಂಪೌಂಡ್ ಗೋಡೆ, ಮೇಲೆ ಮುಳ್ಳುತಂತಿ, ಆಮೇಲೆ ಇನ್ನೊಂದು ಗೋಡೆ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ನರವಿಜ್ಞಾನಿ ಕಾಲಿನ್ ಎಲ್ಲಾರ್ಡ್ 2011ರಲ್ಲಿ ನ್ಯೂಯಾರ್ಕಿನಲ್ಲಿ ಇದನ್ನೇ ಅಳೆದರು. ಜನರ ಕೈಗೆ ಚರ್ಮದ ಬೆವರಿನ ಸಣ್ಣ ಏರಿಳಿತ ಹಿಡಿಯುವ ಪಟ್ಟಿ ಕಟ್ಟಿ, ಈಸ್ಟ್ ಹ್ಯೂಸ್ಟನ್ ರಸ್ತೆಯ ಸುತ್ತಮುತ್ತ ನಡೆಸಿದರು. ಅಲ್ಲಲ್ಲಿ ನಿಲ್ಲಿಸಿ ಹೇಗನ್ನಿಸುತ್ತಿದೆ ಅಂತ ಕೇಳಿದರು. ಒಂದು ದೊಡ್ಡ ಸೂಪರ್‌ಮಾರ್ಕೆಟ್ಟಿನ ಉದ್ದನೆಯ ಬೋಳು ಗೋಡೆ ಪಕ್ಕ ನಡೆದವರು ಮಂಕಾದರು. ಮನಸ್ಸಿನ ಉತ್ಸಾಹವೂ ಕೆಳಗೆ, ಕೈಪಟ್ಟಿಯ ಗೆರೆಯೂ ಕೆಳಗೆ. ಸ್ವಲ್ಪವೇ ದೂರದಲ್ಲಿ ಸಣ್ಣ ಸಣ್ಣ ಹೋಟೆಲು, ಅಂಗಡಿ ಇದ್ದ ಕಡೆ ಅದೇ ಜನ ಚುರುಕಾದರು, ಗಲಾಟೆ ಜಾಸ್ತಿಯಿದ್ದರೂ. ಬೋಳು ಗೋಡೆ ಅಂದರೆ ಶಾಂತಿ ಅಂತ ನಾವು ಅಂದುಕೊಳ್ಳುತ್ತೇವೆ. ಶಾಂತಿ ಬೇರೆ, ಬೇಸರ ಬೇರೆ. ಬೇಸರವೂ ದೇಹಕ್ಕೆ ಒಂದು ಹೊರೆಯೇ.

ಅಂದರೆ ನಿಮ್ಮ 800 ಮೀಟರಿನಲ್ಲಿ ಎರಡು ಕಾಟ ಒಟ್ಟಿಗೆ. ಕೆಳಗೆ ನೋಡಿದರೆ ಪುರುಸೊತ್ತಿಲ್ಲದಷ್ಟು ಕೆಲಸ, ಮೇಲೆ ನೋಡಿದರೆ ನೋಡಲು ಏನೂ ಇಲ್ಲ. ಇದಕ್ಕಿಂತ ಕೆಟ್ಟ ಜೋಡಿ ನನಗೆ ಗೊತ್ತಿಲ್ಲ.

ಮರದ ಮಾತು ಬಾರದೆ ಬೆಂಗಳೂರಿನ ರಸ್ತೆ ವಿಷಯ ಮುಗಿಯುವುದಿಲ್ಲ. ನೀವು ಬೆಳೆದ ಕಡೆ ರಸ್ತೆಗಳ ಹೆಸರೇ ಮರದ್ದು. ಸಂಪಿಗೆ ಒಂದು, ಅದರ ಪಕ್ಕದ ಮಾರ್ಗೋಸಾ ಅಂದರೆ ಬೇವು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಬೆಂಗಳೂರಿನ ರಸ್ತೆಗಳಲ್ಲೇ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮರವಿರುವ ರಸ್ತೆ ತುಂಡನ್ನೂ ಮರವಿಲ್ಲದ ತುಂಡನ್ನೂ ಹೋಲಿಸಿದರು. ಮಧ್ಯಾಹ್ನದ ಹೊತ್ತು ಗಾಳಿಯ ಬಿಸಿ 5.6 ಡಿಗ್ರಿಯವರೆಗೆ ಕಡಿಮೆ ಇತ್ತು. ಟಾರಿನ ಮೇಲ್ಮೈ ಬಿಸಿಯಲ್ಲಿ ವ್ಯತ್ಯಾಸ 27.5 ಡಿಗ್ರಿಯವರೆಗೂ ಹೋಗಿತ್ತು. ಏಪ್ರಿಲ್‌ನಲ್ಲಿ ಬರಿಗಾಲಲ್ಲಿ ದೇವಸ್ಥಾನದ ಕಲ್ಲುಹಾಸು ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂಪಿನ ಆಚೆಗೂ ಇದೆ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಬರೆದ ಒಂದು ಪುಟ್ಟ ಲೇಖನ ಈ ಕ್ಷೇತ್ರದಲ್ಲಿ ಎಲ್ಲರಿಗೂ ಬಾಯಿಪಾಠ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆ ತೆಗೆದು ನೋಡಿದರು. ಕೆಲವರ ಕಿಟಕಿಗೆ ಮರ ಕಾಣುತ್ತಿತ್ತು, ಕೆಲವರದಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಜೋರು ನೋವಿನ ಔಷಧಿಯೂ ಕಡಿಮೆ ಬೇಕಾಯಿತು. ಟೊರಾಂಟೊದಲ್ಲಿ 2015ರಲ್ಲಿ ಮನೆ ಸುತ್ತಲ ರಸ್ತೆ ಮರಗಳನ್ನೂ ಜನ ತಮ್ಮ ಆರೋಗ್ಯದ ಬಗ್ಗೆ ಹೇಳಿದ್ದನ್ನೂ ತಾಳೆ ಹಾಕಿದರು. ಒಂದು ಬ್ಲಾಕಿನಲ್ಲಿ ಹತ್ತು ಮರ ಜಾಸ್ತಿ ಇದ್ದರೆ ಏಳು ವರ್ಷ ಚಿಕ್ಕವರಾದಷ್ಟು ಆರೋಗ್ಯ ಅಂತ ಜನರಿಗೆ ಅನ್ನಿಸುತ್ತಿತ್ತು. ಮರವಿರುವ ಕಡೆ ಶ್ರೀಮಂತರೇ ಇರುತ್ತಾರಲ್ಲ ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಆದಾಯದ ವ್ಯತ್ಯಾಸ ಕಳೆದೇ ಅವರು ಲೆಕ್ಕ ಹಾಕಿದ್ದರು. ಆದರೂ ಇಂಥ ಅಧ್ಯಯನ ‘ಮರದಿಂದಲೇ ಹೀಗಾಯಿತು’ ಅಂತ ಪ್ರಮಾಣ ಮಾಡಿ ಹೇಳಲಾರದು, ಜೊತೆಜೊತೆಗೆ ಹೋಗುತ್ತವೆ ಅಂತಷ್ಟೇ ಹೇಳಬಲ್ಲದು.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ನಮ್ಮ ತಲೆಮಾರು ಅದರ ನೆರಳಲ್ಲಿ ನಡೆಯಿತು. ಆಮೇಲೆ ರಸ್ತೆ ಅಗಲ ಮಾಡುವಾಗೆಲ್ಲ ಮೊದಲು ಹೋಗಿದ್ದು ಅದೇ ನೆರಳು. 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಬೆಂಗಳೂರಿನ ಜನ ರಸ್ತೆ ಬದಿ ಕೈ ಕೈ ಹಿಡಿದು ಸಾಲಾಗಿ ನಿಂತರು. ಆ ಸಾಲಿನಲ್ಲಿ ಇದ್ದವರ ಮಾತಿನಲ್ಲಿ ಮರವೇ ಜಾಸ್ತಿ, ಟ್ರಾಫಿಕ್ ಕಡಿಮೆ. ಮುಂದಿನ ವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು.

ಇನ್ನೊಂದು ವಿಷಯ ಪತ್ರದಲ್ಲಿ ನೀವು ಬರೆದಿಲ್ಲ, ಆದರೆ ನಾನೇ ಕೇಳುತ್ತೇನೆ. ಈ ಮೂರು ವರ್ಷದಲ್ಲಿ ಆ 800 ಮೀಟರಿನಲ್ಲಿ ಎಷ್ಟು ಜನರ ಪರಿಚಯವಾಗಿದೆ? ಸೆಕ್ಯುರಿಟಿಯವರನ್ನು ಬಿಟ್ಟು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೊನಾಲ್ಡ್ ಆಪಲ್ಯಾರ್ಡ್ ಅನ್ನುವ ನಗರ ವಿನ್ಯಾಸಕಾರರು 1960ರ ದಶಕದ ಕೊನೆಗೆ ಒಂದೇ ಬಗೆಯ ಮನೆಗಳಿದ್ದ ಮೂರು ರಸ್ತೆ ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ 2,000 ಗಾಡಿ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಕಡಿಮೆ ಗಾಡಿಯ ರಸ್ತೆಯವರಿಗೆ ಅದೇ ರಸ್ತೆಯಲ್ಲಿ ಸರಾಸರಿ ಮೂರು ಜನ ಸ್ನೇಹಿತರು. ಜಾಸ್ತಿ ಗಾಡಿಯ ಕಡೆ ಒಬ್ಬರೂ ಪೂರ್ತಿ ಇಲ್ಲ, 0.9. ನಕ್ಷೆ ಕೊಟ್ಟು ‘ಎಲ್ಲಿಯವರೆಗೆ ನಿಮ್ಮದು ಅನ್ನಿಸುತ್ತದೆ?’ ಅಂತ ಕೇಳಿದರೆ ಮೊದಲನೆಯವರು ಇಡೀ ರಸ್ತೆಗೆ ಗೆರೆ ಎಳೆದರು. ಮೂರನೆಯವರು ತಮ್ಮ ಕಟ್ಟಡಕ್ಕೆ ಮಾತ್ರ. ಗಾಡಿ ಜಾಸ್ತಿಯಾದ ಹಾಗೆ ಜನ ಒಳಕ್ಕೆ ಸರಿದಿದ್ದರು, ಬೀದಿ ಕಡೆಯ ಕೋಣೆ ಬಿಟ್ಟು ಹಿಂದಿನ ಕೋಣೆಗೆ. ಇದೇ ಆಪಲ್ಯಾರ್ಡ್ 1982ರಲ್ಲಿ ಅಥೆನ್ಸಿನಲ್ಲಿ ಜೋರಾಗಿ ಬಂದ ಕಾರು ಬಡಿದು ತೀರಿಕೊಂಡರು. ಈ ಕೆಲಸದಲ್ಲಿರುವ ನಮಗೆ ಅದು ಮರೆಯುವಂಥದ್ದಲ್ಲ.

ನಮ್ಮಲ್ಲಿ ಇದನ್ನು ಜಗಲಿಯ ಲೆಕ್ಕದಲ್ಲಿ ನೋಡಬಹುದು. 1898ರ ಪ್ಲೇಗ್ ಆದ ಮೇಲೆ ಜನ ಹೋಗಿ ನೆಲೆಸಿದ ಮಲ್ಲೇಶ್ವರ, ಬಸವನಗುಡಿಯ ಹಳೆ ಮನೆಗಳಲ್ಲಿ ಮುಂದೆ ಜಗಲಿ, ಸೊಂಟದೆತ್ತರದ ಕಾಂಪೌಂಡು. ಕೂತ ಅಜ್ಜಿಗೆ ಬೀದಿ ಕಾಣುತ್ತಿತ್ತು, ಬೀದಿಯವರಿಗೆ ಅಜ್ಜಿ ಕಾಣುತ್ತಿದ್ದರು. ‘ಯಾಕಮ್ಮಾ ಇಷ್ಟು ಲೇಟು?’ ಅನ್ನುವ ಆ ಒಂದು ಮಾತು ಆಗ ನಿಮಗೆ ಕಿರಿಕಿರಿ ಮಾಡಿರಬಹುದು. ಈಗ ರಾತ್ರಿ ಒಂಬತ್ತಕ್ಕೆ ಆ ಗೋಡೆ ಪಕ್ಕ ಬೇಗ ಬೇಗ ನಡೆಯುವಾಗ ಅಂಥ ಒಬ್ಬ ಅಜ್ಜಿ ಇದ್ದಿದ್ದರೆ ಅನ್ನಿಸುವುದಿಲ್ಲವೇ? ದೀಪವೂ ಹಾಗೇ. ದೊಡ್ಡ ರಸ್ತೆಗಳ ದೀಪ ಎತ್ತರದ ಕಂಬದಲ್ಲಿ ಗಾಡಿಗಳಿಗಾಗಿ ಇರುತ್ತದೆ. ಟಾರು ಬೆಳಗುತ್ತದೆ, ಫುಟ್‌ಪಾತು ಕತ್ತಲು. ಹೆಣ್ಣುಮಕ್ಕಳು ಬೆಳಕಿಗಾಗಿ ಫುಟ್‌ಪಾತು ಬಿಟ್ಟು ರಸ್ತೆಯಲ್ಲೇ ನಡೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಎಂಜಿನಿಯರುಗಳು ಅದನ್ನು ‘ಶಿಸ್ತಿಲ್ಲ’ ಅಂತಾರೆ.

ಸರಿ ಮಾಡಲು ಆಗುವುದಿಲ್ಲವೇ? ಆಗುತ್ತದೆ, ಬೆಂಗಳೂರಲ್ಲೇ ಆಗಿದೆ. ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಸುಧಾರಣೆ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಮಾಡಿದ ಕೆಲಸ ನೋಡಿ. ನೀರು, ಒಳಚರಂಡಿ, ಕೇಬಲ್ ಎಲ್ಲವನ್ನೂ ಲೆಕ್ಕ ಹಾಕಿ ಫುಟ್‌ಪಾತಿನ ಅಡಿಗೆ ತಂದರು, ಪದೇ ಪದೇ ಅಗೆಯಬಾರದು ಅಂತ. ಗಾಡಿ ಓಡುವ ಪಥಕ್ಕೆ ಉದ್ದಕ್ಕೂ ಒಂದೇ ಅಗಲ, ಮಿಕ್ಕಿದ್ದು ನಡೆಯುವವರಿಗೆ. ರಸ್ತೆ ಕಿರಿದಾಯಿತು ಅಂತ ಗಾಡಿಯವರು ಆಗ ಬೈದರು. ಬೈಗುಳ ಬೇರೆ ಕಾರಣಕ್ಕೆ ಸರಿ ಇತ್ತು ಅನ್ನುವುದು ನನ್ನ ಮಾತು: ಇಷ್ಟು ದುಡ್ಡು ಸಿಟಿಯ ನಡುಮಧ್ಯದ ರಸ್ತೆಗಳಿಗೇ ಯಾಕೆ ಹೋಗಬೇಕು? ನಿಮ್ಮಂಥವರು ಇಳಿಯುವ ಬಸ್‌ಸ್ಟಾಪಿನ ಸುತ್ತ ಯಾಕಿಲ್ಲ? 2018ರಲ್ಲಿ ಹೊಸದಾಗಿ ತೆರೆದ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ಗಾಡಿ ನಿಲ್ಲಿಸಿದ್ದರು. ರಸ್ತೆ ನಡುವೆ ಮಕ್ಕಳ ಕೈ ಬಿಟ್ಟು ನಡೆಯಬಹುದಿತ್ತು. ಬೆಂಗಳೂರಿನ ತಾಯಂದಿರಿಗೆ ಇದು ಎಷ್ಟು ಅಪರೂಪ ಅಂತ ನಿಮಗೇ ಗೊತ್ತು.

ನಿಮ್ಮ ರಸ್ತೆಗೆ ಗ್ರಾನೈಟ್ ಬೇಕಿಲ್ಲ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಲ್ಲಿ ಫುಟ್‌ಪಾತು ಅಡೆತಡೆ ಬಿಟ್ಟು ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿ.ಮೀ. ಮೀರಬಾರದು ಅಂತಿದೆ. ಒಂದು ಗೇಣಿಗಿಂತಲೂ ಕಡಿಮೆ. ಗೇಟಿನ ಮುಂದೆ ಕಾರೇ ಫುಟ್‌ಪಾತು ಹತ್ತಿ ಇಳಿಯಬೇಕು, ಜನರಲ್ಲ. ದೂರು ಕೊಡುವಾಗ ‘ಫುಟ್‌ಪಾತು ಸರಿ ಇಲ್ಲ’ ಅಂತ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಇಂಥ ಗೇಟಿನ ಎದುರು ಇಷ್ಟು ಎತ್ತರ, ಇಂಥ ಕಂಬದ ಬಳಿ ಚಪ್ಪಡಿ ಅಲುಗುತ್ತದೆ ಅಂತ ಫೋಟೋ ಸಮೇತ ಕೊಡಿ. ಒಂದು ಸಲಕ್ಕೆ ಒಂದೇ ದೂರು. ಚಪ್ಪಡಿ ಸರಿ ಮಾಡುವುದು ಅರ್ಧ ದಿನದ ಕೆಲಸ, ಹೆಚ್ಚಾಗಿ ಮಾಡುತ್ತಾರೆ.

ಅಲ್ಲಿಯವರೆಗೆ ದಾರಿ ಬದಲಿಸಿ ನೋಡಿ. ಒಳಗಿನ ಕ್ರಾಸ್ ರಸ್ತೆಗಳಲ್ಲಿ ಸುತ್ತು ಹಾಕಿದರೆ 300 ಮೀಟರ್ ಜಾಸ್ತಿಯಾಗಬಹುದು, ಆಗಲಿ. ಒಂದು ವಾರ ಆ ದಾರಿ, ಒಂದು ವಾರ ಈ ದಾರಿ. ಮನೆ ಬಾಗಿಲಲ್ಲಿ ನಿಂತು ಭುಜ ಎಲ್ಲಿದೆ ನೋಡಿಕೊಳ್ಳಿ. ಇಯರ್‌ಫೋನ್ ಹಾಕಿಕೊಂಡು ನಡೆಯುವುದು ಬೇಡ. ಹಾರ್ನಿನಿಂದ ತಪ್ಪಿಸಿಕೊಳ್ಳಲು ಹೋಗಿ ಹಿಂದಿನ ಗಾಡಿಯ ಸುಳಿವೂ ಹೋಗುತ್ತದೆ, ಆಗ ಕಣ್ಣಿಗೆ ಇನ್ನಷ್ಟು ಕೆಲಸ. ಮನೆಯವರಿಗೆ ಒಂದು ಸಂಜೆ ನಿಮ್ಮ ಜೊತೆ ಬಸ್‌ಸ್ಟಾಪಿನಿಂದ ನಡೆದು ಬರಲು ಹೇಳಿ, ಕೈಯಲ್ಲಿ ಒಂದು ತರಕಾರಿ ಚೀಲ ಕೊಟ್ಟು. ಅವರು ಬೈಕಲ್ಲೋ ಕಾರಲ್ಲೋ ಬರುವವರು ಅಂತ ನನ್ನ ಊಹೆ. ಇನ್ನೂ ಒಂದು ಮಾತು: ರಜೆ ದಿನ ಮನೆಯಲ್ಲೇ ಇದ್ದಾಗಲೂ ಇಷ್ಟೇ ಸಿಟ್ಟು ಬರುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ರಸ್ತೆಯನ್ನು ದೂರುತ್ತಾ ಕೂರದೆ ವೈದ್ಯರನ್ನು ನೋಡಿ.

ಇನ್ನು ಫ್ಲಾಟು. ಬ್ರೋಕರ್ ನಿಮ್ಮನ್ನು ಭಾನುವಾರ ಬೆಳಿಗ್ಗೆ ಕಾರಲ್ಲಿ ಕರೆದುಕೊಂಡು ಹೋಗುತ್ತಾನೆ, ನೇರ ಬೇಸ್‌ಮೆಂಟಿಗೆ. ಅಲ್ಲಿಂದ ಲಿಫ್ಟು, ಆಮೇಲೆ ಮಾಡ್ಯುಲರ್ ಕಿಚನ್. ರಸ್ತೆ ಕಾಣುವುದೇ ಇಲ್ಲ. ನೀವು ವಾರದ ದಿನ ಸಂಜೆ ಏಳಕ್ಕೆ ಬಸ್ಸಲ್ಲೋ ಮೆಟ್ರೋದಲ್ಲೋ ಹೋಗಿ ನಡೆದು ತಲುಪಿ. ದೊಡ್ಡ ರಸ್ತೆ ದಾಟುವುದಿದ್ದರೆ ಎಷ್ಟು ಹೊತ್ತು ಕಾಯಬೇಕಾಯಿತು ನೋಡಿ. ಸ್ಕೈವಾಕ್ ಇದೆ ಅಂದರೆ ಮೆಟ್ಟಿಲೆಣಿಸಿ, ನಿಮ್ಮ ಅಮ್ಮ ಹತ್ತಬಲ್ಲರಾ ಯೋಚಿಸಿ. ಮೂಲೆಗಳಲ್ಲಿ ಗಾಡಿ ನಿಧಾನ ಮಾಡದೆ ಎಡಕ್ಕೆ ಹೊರಳುವಂತೆ ದೊಡ್ಡ ತಿರುವು ಇದ್ದರೆ, ಅಲ್ಲಿ ದಿನಾ ಎರಡು ಸಲ ಎದೆ ಹಾರುವುದು ಖಂಡಿತ. ಗೋಡೆ ಎಷ್ಟುದ್ದ, ಬಾಗಿಲು ಎಷ್ಟು ಅಂತ ಲೆಕ್ಕ ಹಾಕಿ. ಇಸ್ತ್ರಿಯವನ ಗಾಡಿ, ಎಳನೀರು, ಒಂದು ಬೇಕರಿ, ಟೀ ಕುಡಿಯುತ್ತಾ ನಿಂತ ನಾಲ್ಕು ಜನ ಕಂಡರೆ ಮಾರ್ಕು ಹಾಕಿ. ಹತ್ತು ವರ್ಷದ ಮಗುವೊಂದು ದೊಡ್ಡವರ ಜೊತೆ ಇಲ್ಲದೆ ಬ್ರೆಡ್ ತರಲು ಬಂದದ್ದು ಕಂಡರೆ ಇನ್ನಷ್ಟು ಹಾಕಿ. ಎಲ್ಲಾದರೂ ಕೂರಲು ಜಾಗ ಸಿಕ್ಕರೆ, ಕಟ್ಟೆಯೋ ಅಂಗಡಿ ಮೆಟ್ಟಿಲೋ, ಹತ್ತು ನಿಮಿಷ ಕೂತು ನೋಡಿ. ಎದ್ದು ಹೋಗಬೇಕು ಅನ್ನಿಸದಿದ್ದರೆ ಆಮೇಲೆ ಬೆಲೆ ಕೇಳಿ.